ಪೆನ್ಸಿಲ್ ಹಿಡಿದು ಬಲ್ಮಠಕ್ಕೆ

ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಹೊರಗಿನವರಿಗೇನು ಕೆಲಸ? ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನ ಬಸವಪುರಾಣ, ಕಿಟ್ಟೆಲ್ ಕೋಶ ಇವುಗಳ ಜಾಡು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಬಲ್ಮಠದ ಗುಡ್ಡ ಹತ್ತಲೇಬೇಕು. ಶಿವಮೊಗ್ಗದಿಂದ ಹೊರಡುವ ಓದುಗ ಏನು ಕೇಳಬೇಕು, ಹೇಗೆ ಹುಡುಕಬೇಕು, ಸಿಕ್ಕಿದ್ದನ್ನು ಹೇಗೆ ಓದಬೇಕು?

ಜುಲೈ ತಿಂಗಳ ಮಳೆ ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ ಒಂದೇ ಸಮನೆ ಸುರಿಯುತ್ತಿರುತ್ತದೆ. ಗ್ರಂಥಾಲಯದ ಮೇಜಿನ ಮೇಲೆ ನೂರೈವತ್ತು ವರ್ಷಕ್ಕೂ ಹಳೆಯದಾದ ಒಂದು ಪುಸ್ತಕ ತೆರೆದುಕೊಂಡಿದೆ ಎನ್ನಿ. ಅದರ ಅಕ್ಷರಗಳಿಗೆ ಅಚ್ಚಿನ ಮೊಳೆಯ ಬಿಗುವಿಲ್ಲ. ಒಂದು 'ಕ' ದುಂಡಗೆ, ಇನ್ನೊಂದು ತುಸು ವಾಲಿದಂತೆ. ಸಾಲಿನ ಕೊನೆಗೆ ಜಾಗ ಸಾಲದೆ ಬಂದಾಗ ಒತ್ತಕ್ಷರ ಕುಗ್ಗಿ ಕೂತಿದೆ. ಯಾರೋ ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಕೈಯಾರೆ ಬರೆದದ್ದು ಕಲ್ಲಿಗೆ ಇಳಿದು, ಕಲ್ಲಿನಿಂದ ಕಾಗದಕ್ಕೆ ಏರಿದ ಬರಹ ಅದು. ಇದೇ ಕಲ್ಲಚ್ಚು.

ಕರ್ನಾಟಕದ ಪತ್ರಕರ್ತರೆಲ್ಲ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದಕ್ಕೆ ಕಾರಣವಾದ 'ಮಂಗಳೂರ ಸಮಾಚಾರ' ಹೊರಬಂದದ್ದೂ ಹೀಗೆಯೇ, ಕಲ್ಲಚ್ಚಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಅದರ ಮೊದಲ ಸಂಚಿಕೆ ತಂದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಶಿವಮೊಗ್ಗದ ಸಭಾಂಗಣಗಳಲ್ಲೂ ಪ್ರತಿ ಜುಲೈನಲ್ಲಿ ಮೊಗ್ಲಿಂಗ್ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಆ ಮನುಷ್ಯ ಬದುಕಿ ದುಡಿದ ಗುಡ್ಡದ ಮೇಲೆ ಇಂದಿಗೂ ಒಂದು ಗ್ರಂಥಾಲಯವಿದೆ, ಅದು ಓದುಗರಿಗೆ ಸಿಗುವಂಥದ್ದು ಎಂಬ ಮಾತು ಮಾತ್ರ ಆ ಭಾಷಣಗಳಲ್ಲಿ ಕೇಳುವುದು ಅಪರೂಪ.

ಅದು ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಗ್ರಂಥಾಲಯ ಮತ್ತು ಅದರ ದಾಖಲೆಗಳ ಭಂಡಾರ. ಓದುವವರ ಬಾಯಲ್ಲಿ 'ಕೆ.ಟಿ.ಸಿ.' ಎಂದರೆ ಸಾಕು.

ಗುಡ್ಡದ ಮೇಲೆ ಪುಸ್ತಕ ಬಂದ ಬಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ತನ್ನ ಮೊದಲ ಮೂವರನ್ನು ಮಂಗಳೂರಿಗೆ ಕಳಿಸಿದ್ದು 1834ರಲ್ಲಿ: ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್. ಮೊಗ್ಲಿಂಗ್ ಬಂದದ್ದು ಎರಡು ವರ್ಷದ ನಂತರ. 1840ರಲ್ಲಿ ಬಲ್ಮಠದ ಜಾಗ ಮಿಶನ್ನಿನ ಕೈಸೇರಿತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಸಭಾಪಾಲಕರನ್ನೂ ಉಪದೇಶಿಗಳನ್ನೂ ತರಬೇತಿಗೊಳಿಸುವ ಸೆಮಿನರಿ ಅದೇ ದಶಕದಲ್ಲಿ ರೂಪುಗೊಂಡಿತು. ಪಾಠಶಾಲೆ ಇದ್ದಲ್ಲಿ ಪುಸ್ತಕ ಬೇಕು. ಅಚ್ಚುಕೂಟ ಪಕ್ಕದಲ್ಲೇ ಇದ್ದದ್ದರಿಂದ ಪುಸ್ತಕ ಅಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿಯಿತು. ಗ್ರಂಥಾಲಯ ಬೆಳೆದ ಬಗೆ ಇದು.

ಮುಂದೆ 1965ರಲ್ಲಿ ಮಂಗಳೂರಿನ ಈ ಸೆಮಿನರಿ ಮತ್ತು ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿ ಒಂದಾಗಿ ಇಂದಿನ ಕಾಲೇಜು ಆಯಿತು. ಪದವಿ ಕೊಡುವುದು ಬಂಗಾಳದ ಶ್ರೀರಾಮಪುರ ಕಾಲೇಜಿನ ಸೆನೆಟ್. 1818ರಲ್ಲಿ ಆ ಕಾಲೇಜನ್ನು ಕಟ್ಟಿದವರಲ್ಲಿ ಒಬ್ಬನಾದ ವಿಲಿಯಂ ಕೇರಿ, ಅದಕ್ಕೂ ಒಂದು ವರ್ಷ ಮೊದಲು ಶ್ರೀರಾಮಪುರದ ಅಚ್ಚುಕೂಟದಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಮುದ್ರಿಸಿದ್ದ. ಕನ್ನಡಕ್ಕೂ ಈ ಪಾಠಶಾಲೆಗಳಿಗೂ ಇರುವ ನಂಟು ಅಷ್ಟು ಹಳೆಯದು.

ಮಿಶನ್ನಿನ ಅಚ್ಚುಕೂಟ ಬರೇ ಧರ್ಮಪ್ರಚಾರದ ಹೊತ್ತಗೆಗಳಿಗೆ ನಿಲ್ಲಲಿಲ್ಲ. ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕಸಮೇಜರ್ ಕೊಟ್ಟ ಹಣದ ಬಲದಿಂದ ಮೊಗ್ಲಿಂಗ್ 1848ರಿಂದ 1851ರ ನಡುವೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆ ಹೊರತಂದ. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ ಪ್ರಸಂಗ ಆ ಮಾಲೆಯಲ್ಲಿ ಬಂದವು. ಕ್ರೈಸ್ತ ಪಾದ್ರಿಯೊಬ್ಬ ವೀರಶೈವ ಪುರಾಣವನ್ನೂ ಹರಿದಾಸರ ಹಾಡನ್ನೂ ಯಕ್ಷಗಾನವನ್ನೂ ಒಂದೇ ಕಪಾಟಿಗೆ ತಂದು ಕೂರಿಸಿದ. ತಾನು ಬೋಧಿಸಲು ಬಂದ ಜನರ ಮನಸ್ಸನ್ನು ಅರಿಯಬೇಕೆಂಬುದು ಅವನ ಉದ್ದೇಶ. ಅದನ್ನು ಮರೆಯುವ ಹಾಗಿಲ್ಲ. ಆದರೆ ತಾಳೆಗರಿಯ ಕಟ್ಟಿನೊಳಗೇ ಇದ್ದ ಕಾವ್ಯಗಳು ಅಚ್ಚಿಗೆ ಬಂದವು ಎಂಬುದೂ ಅಷ್ಟೇ ನಿಜ.

> ಶಿವಮೊಗ್ಗಕ್ಕೆ ಇದು ಹೊಸದಲ್ಲ
>
> ದೈವಶಾಸ್ತ್ರ ಕಲಿಸುವ ದೊಡ್ಡ ವಿದ್ಯಾಸಂಸ್ಥೆಯೊಂದು ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠ ಕಾಳಾಮುಖ ಶೈವರದು. ಅದನ್ನು ಬಣ್ಣಿಸುವ 1162ರ ಶಾಸನ ಅಲ್ಲಿ ಓದಿಸುತ್ತಿದ್ದ ವಿಷಯಗಳನ್ನು ಒಂದೊಂದಾಗಿ ಹೇಳುತ್ತದೆ: ನಾಲ್ಕು ವೇದ, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನ, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ. ಶೈವ ಮಠವೊಂದು ಬೌದ್ಧ ದರ್ಶನವನ್ನೂ ಪಾಠಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ದೀನರಿಗೆ ಊಟ, ರೋಗಿಗಳಿಗೆ ಔಷಧಿ ಅದೇ ಆವರಣದಲ್ಲಿ ಸಿಗುತ್ತಿತ್ತು.
>
> ಗ್ರಂಥಾಲಯಕ್ಕೆ ಕನ್ನಡನಾಡಿನ ಹಳೆಯ ಹೆಸರು 'ಸರಸ್ವತಿ ಭಂಡಾರ'. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ, ಪುಸ್ತಕ ಕಾಯುವ ಆರು ಮಂದಿ 'ಸರಸ್ವತಿ ಭಂಡಾರಿಗರ' ಮಾತು ಆಡುತ್ತದೆ.

ಬಸ್ಸು ಹತ್ತುವ ಮೊದಲು

ಶಿವಮೊಗ್ಗದಿಂದ ಮಂಗಳೂರು ಇನ್ನೂರು ಕಿಲೋಮೀಟರಿಗೆ ಹತ್ತಿರ. ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು, ಹೆಬ್ರಿ, ಉಡುಪಿ ಮೂಲಕ ಹೋಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಮಳೆಗಾಲದಲ್ಲಿ ಘಾಟಿ ಯಾವಾಗ ಕೈಕೊಡುತ್ತದೋ ಹೇಳಲಾಗದು. ಹೀಗಿರುವಾಗ ಬರಿಗೈಯಲ್ಲಿ ಹೋಗಿ 'ಹಳೆಯ ಪುಸ್ತಕ ಏನಿವೆ ತೋರಿಸಿ' ಎಂದು ನಿಲ್ಲುವುದು ಎರಡೂ ಕಡೆಯವರ ಸಮಯಕ್ಕೆ ನಷ್ಟ.

ದೈವಶಾಸ್ತ್ರ ಕಾಲೇಜಿನ ಗ್ರಂಥಾಲಯ ಮೊದಲು ತನ್ನ ವಿದ್ಯಾರ್ಥಿಗಳದು, ಅಧ್ಯಾಪಕರದು. ಹೊರಗಿನ ಓದುಗ ಅಲ್ಲಿ ನೆಂಟ. ಪರೀಕ್ಷೆಯ ದಿನಗಳು, ಕ್ರಿಸ್‌ಮಸ್ ಮತ್ತು ಈಸ್ಟರ್ ರಜೆ, ಬೇಸಿಗೆ ರಜೆ ಇವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕಾಲೇಜಿನ ಪ್ರಾಂಶುಪಾಲರಿಗೋ ಗ್ರಂಥಪಾಲರಿಗೋ ಒಂದು ಪತ್ರ, ಜತೆಗೆ ತಾನು ಓದುವ ವಿಶ್ವವಿದ್ಯಾಲಯದ ಮಾರ್ಗದರ್ಶಕರ ಶಿಫಾರಸು, ಗುರುತಿನ ಚೀಟಿ ಇಷ್ಟಿದ್ದರೆ ಇಂಥ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ. ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಊರಿನ ಇತಿಹಾಸಕಾರರು, ನಿವೃತ್ತ ಮೇಷ್ಟ್ರುಗಳು ಹಿಂಜರಿಯಬೇಕಿಲ್ಲ. ಪತ್ರದಲ್ಲಿ ವಿಷಯ ಖಚಿತವಾಗಿದ್ದರೆ ಆಯಿತು. 'ಮಿಶನರಿಗಳ ಬಗ್ಗೆ' ಎಂದು ಬರೆದರೆ ಗ್ರಂಥಪಾಲರು ಎಲ್ಲಿಂದ ಶುರುಮಾಡಬೇಕು? '1860ರಿಂದ 1900ರ ನಡುವಿನ ಕನ್ನಡ ಶಾಲಾ ಪಠ್ಯಪುಸ್ತಕಗಳು' ಎಂದರೆ ನೇರ ಕಪಾಟಿನ ಬಳಿಗೇ ಹೋಗಬಹುದು.

ಹೊರಗಿನವರಿಗೆ ಪುಸ್ತಕ ಮನೆಗೆ ಸಿಗುವುದಿಲ್ಲ; ಅಲ್ಲಿಯೇ ಕೂತು ಓದಬೇಕು. ಹಾಗಾಗಿ ಊರಿನಲ್ಲೇ ಓದಬಹುದಾದದ್ದನ್ನು ಊರಿನಲ್ಲೇ ಮುಗಿಸಿ ಹೊರಡುವುದು ಜಾಣತನ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ ಭದ್ರಾವತಿಯಿಂದ ದೂರವೇನಲ್ಲ. ಕಿಟ್ಟೆಲ್ ಕೋಶದ ಮರುಮುದ್ರಣ, ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಇವನ್ನು ಮೊದಲು ತಿರುವಿ ಹಾಕಬೇಕು. ಹಾವನೂರರು ವೃತ್ತಿಯಿಂದ ಗ್ರಂಥಪಾಲರು. ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯ, ಪತ್ರಿಕೆ, ಮುದ್ರಣಗಳ ಚರಿತ್ರೆಯನ್ನು ಅವರು ಕಟ್ಟಿಕೊಟ್ಟದ್ದು ಇಂಥ ಕಪಾಟುಗಳ ಧೂಳು ಕೊಡವಿಯೇ. ಆ ಪುಸ್ತಕ ಓದಿದವರಿಗೆ ಬಲ್ಮಠದಲ್ಲಿ ಏನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಯಾವ ಮಿಶನ್ನಿನ ಊರು?

ಶಿವಮೊಗ್ಗದ ಓದುಗರು ಎಡವುವುದು ಸಾಮಾನ್ಯವಾಗಿ ಇಲ್ಲಿ. ಬಾಸೆಲ್ ಮಿಶನ್ ಕೆಲಸ ಮಾಡಿದ್ದು ದಕ್ಷಿಣ ಕನ್ನಡ, ಧಾರವಾಡ, ಹುಬ್ಬಳ್ಳಿ, ಕೊಡಗು, ಇತ್ತ ಮಲಬಾರು ಈ ಸೀಮೆಗಳಲ್ಲಿ. ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ ಮೆಥೊಡಿಸ್ಟರ ಪಾಲಿಗೆ ಬಂದಿತ್ತು. ಶಿವಮೊಗ್ಗ ಅವರ ಠಾಣೆಗಳಲ್ಲಿ ಒಂದು. ಬಳ್ಳಾರಿ, ಬೆಂಗಳೂರು ಕಡೆ ಲಂಡನ್ ಮಿಶನ್ನಿನವರಿದ್ದರು. ಕಥೋಲಿಕರ ಲೋಕವೇ ಬೇರೆ. ಅವರ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದದ್ದು 1988ರಲ್ಲಿ.

ಹಾಗಾಗಿ ಶಿವಮೊಗ್ಗ ಪೇಟೆಯ ಹಳೆಯ ಮಿಶನ್ ಶಾಲೆಯ ಸಂಗತಿಯನ್ನು ಬಲ್ಮಠದಲ್ಲಿ ಹುಡುಕಿ ಬೇಸರಪಡುವುದು ತಪ್ಪು ಬಾಗಿಲು ತಟ್ಟಿದಂತೆ. ಅದಕ್ಕೆ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿಗೆ ಹೋಗಬೇಕು. ಮಿಲ್ಲರ್ಸ್ ರಸ್ತೆಯ ಈ ಕಾಲೇಜನ್ನು 1910ರಲ್ಲಿ ಹಲವು ಪ್ರೊಟೆಸ್ಟೆಂಟ್ ಮಿಶನ್‌ಗಳು ಕೂಡಿ ಆರಂಭಿಸಿದವು. ಅಲ್ಲಿನ ಗ್ರಂಥಾಲಯ, ದಾಖಲೆಗಳ ಭಂಡಾರ ಎರಡೂ ದಕ್ಷಿಣ ಭಾರತದ ಚರ್ಚುಗಳ ಚರಿತ್ರೆಗೆ ದೊಡ್ಡ ಆಸರೆ. ವೆಸ್ಲಿಯನ್ನರ ಮೂಲ ಪತ್ರಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಬಾಸೆಲ್ ಮಿಶನ್ನಿನ ಮೂಲ ಪತ್ರಗಳು ಬಾಸೆಲ್ ನಗರದಲ್ಲೇ, ಈಗ 'ಮಿಶನ್ 21' ಎಂಬ ಸಂಸ್ಥೆಯ ಸುಪರ್ದಿಯಲ್ಲಿವೆ.

ಹಾಗಾದರೆ ಬಲ್ಮಠಕ್ಕೆ ಶಿವಮೊಗ್ಗದವರು ಯಾಕೆ ಹೋಗಬೇಕು? ಕನ್ನಡಕ್ಕಾಗಿ ಹೋಗಬೇಕು. ಊರಿನ ಚರ್ಚಿನ ಕಥೆ ಅಲ್ಲಿ ಸಿಗದಿರಬಹುದು. ಮಲೆನಾಡಿನ ಶಾಲೆಗಳಲ್ಲಿ ಮಕ್ಕಳು ಓದಿದ ಪಾಠಪುಸ್ತಕ, ಮನೆಮನೆಯಲ್ಲಿದ್ದ ನಿಘಂಟು, ಪಂಡಿತರು ತಿದ್ದಿಕೊಂಡ ವ್ಯಾಕರಣ ಅಲ್ಲಿ ಅಚ್ಚಾದವು. ಮಲೆನಾಡಿನ ಮನೆಗಳ ಮೇಲೆ ಕೂತ ಮಂಗಳೂರು ಹೆಂಚಿಗೂ ಅದೇ ಮೂಲ. ಮಿಶನ್ನಿನ ಅಚ್ಚುಕೂಟದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ.

> ಹಳೆಯ ಹೆಸರಲ್ಲಿ ಹುಡುಕಿ
>
> ಕ್ಯಾಟಲಾಗಿನಲ್ಲಿ 'ಶಿವಮೊಗ್ಗ' ಎಂದು ಹುಡುಕಿದರೆ ಸಿಗುವುದು ಅಲ್ಪ. ಇಂಗ್ಲಿಷ್ ದಾಖಲೆಗಳಲ್ಲಿ ಊರು 'ಶಿಮೋಗ'. ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಭದ್ರಾವತಿ ಹಿಂದೆ ಬೆಂಕಿಪುರ. ನಗರ 'ಬೆಡ್ನೂರ್' ಅಥವಾ 'ಬಿದನೂರು'. ಬಳ್ಳಿಗಾವಿ 'ಬೆಳಗಾಮಿ'. ಕನ್ನಡ ಭಾಷೆಗೆ 'ಕೆನರೀಸ್', ಅದಕ್ಕೂ ಹಿಂದೆ 'ಕರ್ನಾಟ'. ಮೊಗ್ಲಿಂಗ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ 'ಓ' ಮೇಲೆ ಎರಡು ಚುಕ್ಕಿ ಇಟ್ಟೂ ಬರೆಯುತ್ತಾರೆ, 'ಓ' ಪಕ್ಕ 'ಇ' ಇಟ್ಟೂ ಬರೆಯುತ್ತಾರೆ. ಎರಡೂ ಬಗೆಯಲ್ಲಿ ಹುಡುಕಬೇಕು.
>
> ಪಂಗಡ ಬದಲಾದರೆ ಪದವೂ ಬದಲು. ಪ್ರೊಟೆಸ್ಟೆಂಟರು 'ಸತ್ಯವೇದ', 'ಸುವಾರ್ತೆ', 'ಸಭೆ' ಎನ್ನುವಲ್ಲಿ ಕಥೋಲಿಕರು 'ಶ್ರೀಗ್ರಂಥ', 'ಶುಭಸಂದೇಶ', 'ಧರ್ಮಸಭೆ' ಎನ್ನುತ್ತಾರೆ. ಒಂದು ಪದಕ್ಕೆ ಪುಸ್ತಕ ಸಿಗದಿದ್ದರೆ ಇನ್ನೊಂದಕ್ಕೆ ಸಿಗುತ್ತದೆ.

ಇನ್ನೂರರ ಕಪಾಟು

ಹೆಚ್ಚಿನ ಗ್ರಂಥಾಲಯಗಳು ಪುಸ್ತಕ ಜೋಡಿಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ಪದ್ಧತಿಯಲ್ಲಿ. ಅದರಲ್ಲಿ ಧರ್ಮಕ್ಕೆ ಕೊಟ್ಟ ಅಂಕಿ 200ರಿಂದ 299. ಸಾರ್ವಜನಿಕ ಗ್ರಂಥಾಲಯದಲ್ಲಿ ಈ ನೂರು ಅಂಕಿಗಳು ಒಂದು ಮೂಲೆಯ ಕಪಾಟಿನಲ್ಲಿ ಮುಗಿಯುತ್ತವೆ. ದೈವಶಾಸ್ತ್ರದ ಗ್ರಂಥಾಲಯದಲ್ಲಿ ಅದೇ ನೂರು ಸಾಲುಸಾಲಾಗಿ ಹರಡಿಕೊಳ್ಳುತ್ತದೆ. 220 ಬೈಬಲ್, 230 ಕ್ರೈಸ್ತ ಸಿದ್ಧಾಂತ, 270 ಚರ್ಚಿನ ಚರಿತ್ರೆ.

ಡ್ಯೂಯಿಯ ಲೆಕ್ಕದಲ್ಲಿ 220ರಿಂದ 289ರವರೆಗಿನ ಎಪ್ಪತ್ತು ಅಂಕಿಗಳೂ ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದೆಲ್ಲ ಧರ್ಮಗಳು 290ರ ಹತ್ತು ಅಂಕಿಗಳೊಳಗೆ ಮೈಮುದುರಿ ಕೂರಬೇಕು. ಬೌದ್ಧಕ್ಕೆ 294.3, ಜೈನಕ್ಕೆ 294.4, ಹಿಂದೂ ಧರ್ಮಕ್ಕೆ 294.5, ಇಸ್ಲಾಮಿಗೆ 297. ಶಂಕರ, ರಾಮಾನುಜ, ಮಧ್ವ, ಬಸವಣ್ಣ ಎಲ್ಲರೂ ಒಂದು ದಶಮಾಂಶದ ಬಾಲಕ್ಕೆ ಬಾಲ ಸೇರಿಸುತ್ತ ಹೋಗಬೇಕಾದ ಸ್ಥಿತಿ. ಇದು ಅನ್ಯಾಯವೇ. ಭಾರತದ ಗ್ರಂಥಪಾಲರು ಇದನ್ನು ಕಾಲಾಂತರದಿಂದ ಹೇಳುತ್ತಲೇ ಬಂದಿದ್ದಾರೆ. ಆದರೆ ಕಪಾಟಿನ ಮುಂದೆ ನಿಂತ ಓದುಗನಿಗೆ ಈ ಅಂಕಿ ಗೊತ್ತಿದ್ದರೆ ದಾರಿ ಸಲೀಸು. ಕನ್ನಡ ಭಾಷೆಯ ಪುಸ್ತಕಗಳಿಗೆ 494.814, ಕಿಟ್ಟೆಲ್ ಸಿಗುವುದು ಆ ಕಡೆ.

ಅಂಕಿ ಹಿಡಿದು ಒಂದು ಪುಸ್ತಕ ತೆಗೆದ ಮೇಲೆ ಅದರ ಅಕ್ಕಪಕ್ಕದ ಹತ್ತು ಪುಸ್ತಕಗಳ ಬೆನ್ನನ್ನು ಓದುವುದು ಒಳ್ಳೆಯ ರೂಢಿ. ಯಾವ ಕಂಪ್ಯೂಟರ್ ಕ್ಯಾಟಲಾಗೂ ಇದಕ್ಕೆ ಸಾಟಿಯಲ್ಲ.

ಪರಾಮರ್ಶನ ವಿಭಾಗದಲ್ಲಿ ಹೊರಗಿನವರು ಕಣ್ಣರಳಿಸುವಂಥ ಹೊತ್ತಗೆ 'ಕನ್‌ಕಾರ್ಡೆನ್ಸ್'. ಬೈಬಲಿನಲ್ಲಿ ಒಂದು ಶಬ್ದ ಎಲ್ಲೆಲ್ಲಿ ಬರುತ್ತದೋ ಅಷ್ಟೂ ಕಡೆಗಳನ್ನು ಸಾಲಾಗಿ ಕೊಡುವ ಪದಪ್ರಯೋಗ ಕೋಶ ಅದು. 1890ರಲ್ಲಿ ಬಂದ ಜೇಮ್ಸ್ ಸ್ಟ್ರಾಂಗ್‌ನ ಕೋಶ ಹೀಬ್ರೂ ಪದಗಳಿಗೆ 8,674ರವರೆಗೆ, ಗ್ರೀಕ್ ಪದಗಳಿಗೆ 5,624ರವರೆಗೆ ಅಂಕಿ ಕೊಟ್ಟು ಜೋಡಿಸಿದೆ. ಹೀಬ್ರೂ ಗಂಧವಿಲ್ಲದ ಓದುಗನೂ ಆ ಅಂಕಿ ಹಿಡಿದು ಮೂಲ ಪದಕ್ಕೆ ತಲುಪಬಹುದು. ಕಂಪ್ಯೂಟರ್ ಹುಟ್ಟುವ ಮೊದಲೇ ಮನುಷ್ಯರು ಕೈಯಲ್ಲಿ ಕಟ್ಟಿದ ಹುಡುಕುಯಂತ್ರ ಇದು. ವಚನಗಳಿಗೆ, ಕುಮಾರವ್ಯಾಸನಿಗೆ ಪದಪ್ರಯೋಗ ಕೋಶ ಮಾಡಬೇಕೆನ್ನುವವರು ಒಮ್ಮೆ ಈ ಕೋಶಗಳ ರಚನೆಯನ್ನು ಕೂತು ನೋಡಬೇಕು.

ಒಂದೇ ವಾಕ್ಯ, ಹಲವು ಕನ್ನಡ

ಕನ್ನಡ ಬೈಬಲಿನ ಬೇರೆ ಬೇರೆ ಕಾಲದ ಅನುವಾದಗಳು ಒಂದೆಡೆ ಸಿಗುವುದು ಇಂಥ ಗ್ರಂಥಾಲಯಗಳಲ್ಲೇ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಇಡೀ ಬೈಬಲ್ ಕನ್ನಡಕ್ಕೆ ಬಂದು ಮುಗಿದದ್ದು 1831ರಲ್ಲಿ. ಶತಮಾನದ ಮಧ್ಯದಲ್ಲಿ ಮೊಗ್ಲಿಂಗ್‌ನ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಮತ್ತಿತರರು ಕೈಜೋಡಿಸಿ ಅದನ್ನು ತಿದ್ದಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಪರಿಷ್ಕರಣೆಗಳಾದವು.

ಒಂದೇ ವಾಕ್ಯವನ್ನು ಈ ಎಲ್ಲ ಪ್ರತಿಗಳಲ್ಲಿ ಪಕ್ಕಪಕ್ಕ ಇಟ್ಟು ಓದಿದರೆ ಕನ್ನಡ ಗದ್ಯ ನಡೆದು ಬಂದ ಹಾದಿ ಕಣ್ಣಿಗೆ ಕಟ್ಟುತ್ತದೆ. ಅರ್ಥ ಒಂದೇ ಇರುವುದರಿಂದ ಬದಲಾದದ್ದೆಲ್ಲ ಭಾಷೆಯೇ. ಕ್ರಿಯಾಪದದ ರೂಪ, ವಿಭಕ್ತಿ, ಪೂರ್ಣವಿರಾಮ ಇಡುವ ಬಗೆ, ಪದಗಳ ನಡುವಿನ ಜಾಗ ಹೀಗೆ ಒಂದೊಂದನ್ನೂ ಬೆರಳಿಟ್ಟು ತೋರಿಸಬಹುದು. ಕನ್ನಡದ ಬೇರಾವ ಗದ್ಯಕೃತಿಯೂ ಇಷ್ಟು ಸಲ, ಇಷ್ಟು ಅಂತರದಲ್ಲಿ ಹೊಸದಾಗಿ ಕನ್ನಡಿಸಿಕೊಂಡಿಲ್ಲ. ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ.

ಪದಗಳ ಆಯ್ಕೆ ಇನ್ನೂ ಸೋಜಿಗದ್ದು. ಹೊರಗಿನಿಂದ ಬಂದ ಗ್ರಂಥಕ್ಕೆ 'ಸತ್ಯವೇದ' ಎಂದು ಹೆಸರಿಟ್ಟಾಗ ವೇದವೆಂಬ ಪದದ ಇಡೀ ಭಾರ ಅದಕ್ಕೆ ಬಂತು. ಪಾಪ, ಕೃಪೆ, ಆತ್ಮ, ರಕ್ಷಣೆ ಇವೆಲ್ಲ ಇಲ್ಲಿನ ಮಠ, ಬಸದಿ, ಗುಡಿಗಳಲ್ಲಿ ಸಾವಿರ ವರ್ಷ ಬಳಸಿ ಸವೆದ ಪದಗಳು. ಅನುವಾದಕರು ಅವನ್ನೇ ಎತ್ತಿಕೊಂಡು ಬೇರೆ ಅರ್ಥ ತುಂಬಲು ಹೆಣಗಿದರು. ಎಲ್ಲಿ ಗೆದ್ದರು, ಎಲ್ಲಿ ಪದ ಹಟಹಿಡಿದು ತನ್ನ ಹಳೆಯ ಅರ್ಥವನ್ನೇ ಉಳಿಸಿಕೊಂಡಿತು ಎಂಬುದನ್ನು ಅಳೆಯಬೇಕಾದರೆ ಬೈಬಲಿನ ಜತೆಗೆ ಕಿಟ್ಟೆಲ್ ಕೋಶವನ್ನೂ ತೆರೆದಿಟ್ಟುಕೊಳ್ಳಬೇಕು.

ಕಿಟ್ಟೆಲ್ ಬಳಸುವ ಕ್ರಮ

ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಒಂದು ಹಳ್ಳಿಯಲ್ಲಿ. ಭಾರತಕ್ಕೆ ಬಂದದ್ದು 1853ರಲ್ಲಿ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದಸ್ಸು ಅವನ ಸಂಪಾದನೆಯಲ್ಲಿ ಬಂದವು. 1894ರಲ್ಲಿ ಬಾಸೆಲ್ ಮಿಶನ್ನಿನವರು ಅವನ ಕನ್ನಡ–ಇಂಗ್ಲಿಷ್ ಕೋಶವನ್ನು ಮಂಗಳೂರಿನಲ್ಲಿ ಹೊರತಂದರು: ಸುಮಾರು 70,000 ಪದಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ, ತನ್ನ ಕನ್ನಡ ವ್ಯಾಕರಣ ಹೊರಬಂದ ವರ್ಷವೇ, ಅವನು ತೀರಿಕೊಂಡ.

ಈ ಕೋಶವನ್ನು ಅರ್ಥ ನೋಡಿ ಮುಚ್ಚುವವರೇ ಹೆಚ್ಚು. ಅದರ ಹೂರಣ ಇರುವುದು ಅರ್ಥದ ಆಚೆಗೆ. ಪ್ರತಿ ಪದದ ಮುಂದೆ ಅದು ಯಾವ ಕೃತಿಯಲ್ಲಿ, ಯಾವ ಸೀಮೆಯ ಮಾತಿನಲ್ಲಿ ಸಿಕ್ಕಿತೆಂಬ ಸಂಕೇತಾಕ್ಷರಗಳಿರುತ್ತವೆ. ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ಪದಗಳಿರುತ್ತವೆ. ಗಾದೆ ಇದ್ದರೆ ಗಾದೆ. ಮೊದಲಿಗೆ ಪೀಠಿಕೆಯನ್ನೂ ಸಂಕೇತಗಳ ಪಟ್ಟಿಯನ್ನೂ ಓದದೆ ಕೋಶಕ್ಕೆ ಕೈಹಾಕಿದರೆ ಮುಕ್ಕಾಲು ಪಾಲು ಮಾಹಿತಿ ಕಣ್ಣಿಗೆ ಬಿದ್ದೂ ಬೀಳದಂತಾಗುತ್ತದೆ. ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಇದನ್ನು ಪರಿಷ್ಕರಿಸಿ ಬೆಳೆಸಿದ ನಾಲ್ಕು ಸಂಪುಟಗಳು 1968ರಿಂದ ಬಂದವು. ಮೂಲವನ್ನೂ ಇದನ್ನೂ ಒಟ್ಟಿಗೆ ನೋಡುವುದು ಲೇಸು.

ಪಕ್ಕದಲ್ಲೇ ತುಳುವಿನ ಕಪಾಟು. ಬ್ರಿಗೆಲ್‌ನ ತುಳು ವ್ಯಾಕರಣ 1872ರದು, ಮ್ಯಾನರ್‌ನ ತುಳು–ಇಂಗ್ಲಿಷ್ ಕೋಶ 1886ರದು. ತುಳುವಿಗೆ ಕನ್ನಡ ಲಿಪಿಯ ಅಚ್ಚು ಗಟ್ಟಿಯಾದದ್ದು ಈ ಪುಸ್ತಕಗಳ ಮೂಲಕ.

ಮುಖಪುಟದಲ್ಲಿ ಮಿಶನರಿಯ ಹೆಸರೊಂದೇ ಇರುತ್ತದೆ. ಪದ ಹೇಳಿಕೊಟ್ಟ ಪಂಡಿತರು, ಗರಿ ಓದಿದ ಮುನ್ಶಿಗಳು, ಕಲ್ಲಚ್ಚಿಗೆ ಬರೆದುಕೊಟ್ಟ ಲಿಪಿಕಾರರು ಬಹುತೇಕ ಹೆಸರಿಲ್ಲದೆ ಉಳಿದಿದ್ದಾರೆ. ಪೀಠಿಕೆಯ ಕೃತಜ್ಞತೆಯ ಸಾಲುಗಳಲ್ಲಿ, ವರದಿಗಳ ಅಡಿಟಿಪ್ಪಣಿಗಳಲ್ಲಿ ಅವರ ಸುಳಿವು ಹುಡುಕುವುದು ಇನ್ನೂ ಬಾಕಿ ಇರುವ ದೊಡ್ಡ ಕೆಲಸ. ಮಾಡುವವರು ಬೇಕಾಗಿದ್ದಾರೆ.

ದಾಖಲೆ ಕೋಣೆಯ ಶಿಸ್ತು

ಓದುವ ಕೋಣೆ ಬೇರೆ, ದಾಖಲೆಗಳ ಕೋಣೆ ಬೇರೆ. ಎರಡನೆಯದರಲ್ಲಿ ಓದುಗ ಕಪಾಟಿನ ಬಳಿ ಹೋಗುವಂತಿಲ್ಲ. ಪಟ್ಟಿ ನೋಡಿ ಚೀಟಿ ಬರೆದುಕೊಟ್ಟರೆ ಸಿಬ್ಬಂದಿ ತಂದುಕೊಡುತ್ತಾರೆ. ಒಮ್ಮೆಗೆ ಒಂದೇ ಕಡತ. ಪೆನ್ನು ನಿಷಿದ್ಧ, ಪೆನ್ಸಿಲ್ ಮಾತ್ರ. ಮಸಿ ಬಿದ್ದ ಹಾಳೆಯನ್ನು ತೊಳೆಯಲು ಬರುವುದಿಲ್ಲ. ನೀರಿನ ಬಾಟಲಿ ಹೊರಗೆ. ಬೆರಳು ಎಂಜಲು ಮಾಡಿ ಹಾಳೆ ತಿರುವುವ ಅಭ್ಯಾಸವನ್ನು ಘಾಟಿಯ ಮೇಲೆಯೇ ಬಿಟ್ಟು ಬರಬೇಕು. ಜಗತ್ತಿನ ಯಾವ ದಾಖಲೆ ಕೋಣೆಗೆ ಹೋದರೂ ಈ ಕಟ್ಟಳೆಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಫೋಟೊ ತೆಗೆಯಲು ಮೊದಲೇ ಒಪ್ಪಿಗೆ ಬೇಕು, ಫ್ಲ್ಯಾಶ್ ಹಾಕುವಂತಿಲ್ಲ.

ತಾಳೆಗರಿ ಕಟ್ಟು ಕೈಗೆ ಬಂದಾಗ ಇನ್ನಷ್ಟು ನಿಧಾನ. ಗರಿಯ ಮೇಲೆ ಕಂಠವೆಂಬ ಲೋಹದ ಮೊನೆಯಿಂದ ಕೊರೆದು, ದೀಪದ ಕಾಡಿಗೆ ಸವರಿ ಅಕ್ಷರ ಕಾಣಿಸಿದ ಬರಹ ಅದು. ದಾರ ಬಿಚ್ಚುವಾಗ ಗರಿಗಳ ಕ್ರಮ ತಪ್ಪಿದರೆ ಮುಂದಿನ ಓದುಗನಿಗೆ ಕಾವ್ಯವೇ ತಪ್ಪುತ್ತದೆ. ಒಣಗಿದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಮೆತ್ತಗಾಗಿಸುವ ಕೆಲಸ ಬಲ್ಲವರದು. ಓದುಗ ಅದಕ್ಕೆ ಕೈಹಾಕಬಾರದು.

ಅಚ್ಚಾದ ಪುಸ್ತಕದಲ್ಲಿ ಹಳೆಯದೇ ಗಟ್ಟಿ ಎಂಬುದು ಹೊಸಬರಿಗೆ ಅಚ್ಚರಿ ತರುವ ಸಂಗತಿ. 1840ರ ದಶಕದ ಹಾಳೆ ಇನ್ನೂ ಬೆಳ್ಳಗಿದ್ದು ಮುರಿಯದೆ ಬಾಗುತ್ತದೆ. 1910ರ ಹಾಳೆ ಕಂದಿ ಪುಡಿಯಾಗುತ್ತದೆ. ಹಿಂದಿನ ಕಾಗದ ಬಟ್ಟೆಚಿಂದಿಯ ನಾರಿನದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳು ಬಂತು. ಅದರಲ್ಲಿ ಉಳಿದ ಲಿಗ್ನಿನ್ ಬೆಳಕಿಗೆ ಹಳದಿಗಟ್ಟುತ್ತದೆ, ಮಸಿ ಹರಡದಿರಲೆಂದು ಸೇರಿಸಿದ ಪಟಿಕ ಆಮ್ಲವಾಗಿ ನಾರನ್ನು ಒಳಗೊಳಗೇ ತಿನ್ನುತ್ತದೆ. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ನೆರಳಲ್ಲಿ ಬೆಳೆದ ಊರಿನವರು ಪತ್ರಿಕೆಯ ಕಾಗದ ಬಿಸಿಲಿಗೆ ನಾಲ್ಕು ದಿನದಲ್ಲಿ ಬಣ್ಣ ಕೆಡುವುದನ್ನು ಕಂಡವರೇ. ಹಾಗಾಗಿ ಹೆಚ್ಚು ಅಪಾಯದಲ್ಲಿರುವುದು ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಸಭಾಪತ್ರಿಕೆಗಳು, ಪಂಚಾಂಗಗಳು, ಕಿರುಹೊತ್ತಗೆಗಳು. ಓದಬೇಕೆಂದಿರುವವರು ಅವನ್ನು ಮೊದಲು ಓದಬೇಕು. ಕರಾವಳಿಯ ತೇವ, ಗೆದ್ದಲು ಎರಡೂ ಯಾರನ್ನೂ ಕಾಯುವುದಿಲ್ಲ.

ವರದಿಯನ್ನು ನಂಬುವುದೆಷ್ಟು

ಮಿಶನರಿಗಳು ಬರೆದದ್ದು ಅಪಾರ: ತಿಂಗಳ ಪತ್ರ, ವಾರ್ಷಿಕ ವರದಿ, ಪ್ರವಾಸದ ದಿನಚರಿ. ಜಾತ್ರೆ, ಬರ, ಕಾಲರಾ, ಅಕ್ಕಿಯ ಬೆಲೆ, ಭೂತದ ಕೋಲ, ಶಾಲೆಗೆ ಬಂದ ಹುಡುಗರ ಜಾತಿ ಎಲ್ಲವೂ ಅದರಲ್ಲಿ ಬರುತ್ತದೆ. ಬೇರೆಲ್ಲೂ ಸಿಗದ ವಿವರಗಳು ಇಲ್ಲಿ ಸಿಗುವುದುಂಟು. ಆದರೆ ಅವರು ಬರೆಯುತ್ತಿದ್ದದ್ದು ಯುರೋಪಿನಲ್ಲಿ ಹಣ ಕೊಡುತ್ತಿದ್ದ ಭಕ್ತರಿಗೆ. ಅಲ್ಲಿನವರ ಮನ ಕರಗಬೇಕಿತ್ತು. ಇಲ್ಲಿನ ಪೂಜೆ ಕತ್ತಲಾಗಿ ಕಾಣಬೇಕಿತ್ತು, ಮತಾಂತರ ಬೆಳಕಾಗಿ ಕಾಣಬೇಕಿತ್ತು. ಮಳೆ, ಬೆಲೆ, ದೂರ, ದಿನಾಂಕ ಇವುಗಳಲ್ಲಿ ಅವರ ಮಾತು ಸಾಮಾನ್ಯವಾಗಿ ಗಟ್ಟಿ. ಜನರ ನಂಬಿಕೆಯನ್ನು ಬಣ್ಣಿಸುವಾಗ ಎರಡನೆಯ ಸಾಕ್ಷಿ ಬೇಕು.

ಭಾಷೆಯ ತೊಡಕೂ ಇದೆ. ಒಳಗಿನ ಪತ್ರವ್ಯವಹಾರ ಜರ್ಮನ್ ಭಾಷೆಯಲ್ಲಿ, ಅದೂ 'ಕುರೆಂಟ್' ಎಂಬ ಹಳೆಯ ಕೈಬರಹದಲ್ಲಿ. ಇಂದಿನ ಜರ್ಮನರಿಗೇ ಅದು ಓದಲು ಬಾರದು. ಹಳೆಯ ಮೋಡಿ ಲಿಪಿ ಕಂಡ ಇಂದಿನ ಮರಾಠಿಗರ ಪಾಡೇ ಅವರದೂ. 1914ರ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟು ವಾಪಸು ಕಳಿಸಿದರು, ಕಾರ್ಖಾನೆಗಳು ಕೈತಪ್ಪಿದವು. ಎಂಬತ್ತು ವರ್ಷದ ಕೆಲಸದ ಎಳೆ ಅಲ್ಲಿ ಕಡಿಯಿತು. ಕಡತಗಳ ಸಾಲಿನಲ್ಲಿ ಆ ಬಿರುಕು ಇಂದಿಗೂ ಕಾಣುತ್ತದೆ.

ಮಿಶನರಿಯ ಮನೆಯಲ್ಲಿ ಹುಟ್ಟಿ ಬೇರೆ ದಾರಿ ಹಿಡಿದವರ ಕೆಲಸವನ್ನು ಪಕ್ಕದಲ್ಲಿಟ್ಟು ನೋಡುವುದೂ ಉಪಯುಕ್ತ. ಬೆಂಗಳೂರಿನಲ್ಲಿ ಲಂಡನ್ ಮಿಶನ್ ಪಾದ್ರಿಯ ಮಗನಾಗಿ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್, 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಏಳು ಮತ್ತು ಎಂಟನೆಯ ಸಂಪುಟಗಳನ್ನು ಇಡಿಯಾಗಿ ಶಿವಮೊಗ್ಗ ಜಿಲ್ಲೆಗೆ ಮೀಸಲಿಟ್ಟ; ಅವು 1902 ಮತ್ತು 1904ರಲ್ಲಿ ಬಂದವು. ಕೋಡಿಯಮಠದ ಶಾಸನವೂ ಅವುಗಳಲ್ಲೇ ಇದೆ.

ಮನೆಯಲ್ಲೇ ಕೂತು

ಬಲ್ಮಠಕ್ಕೆ ಹೋಗಲಾಗದವರಿಗೆ ಈಗ ಸ್ವಲ್ಪ ಸಮಾಧಾನವಿದೆ. ಬಾಸೆಲ್ ಮಿಶನ್ನಿನ ಹಳೆಯ ಫೋಟೊಗಳು, ನಕಾಶೆಗಳು ಬಾಸೆಲ್‌ನ ದಾಖಲೆಗಳ ಜಾಲತಾಣದಲ್ಲಿ ಸಿಗುತ್ತವೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ 'ಗುಂಡರ್ಟ್ ಪೋರ್ಟಲ್' 2018ರಲ್ಲಿ ತೆರೆದುಕೊಂಡಿತು. ಅದರಲ್ಲಿ ಹೆಚ್ಚಿನದು ಮಲಯಾಳವಾದರೂ ಕನ್ನಡದ ಹಳೆಯ ಮುದ್ರಣಗಳೂ ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಿಟ್ಟೆಲ್ ಕೋಶವನ್ನು ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಇಷ್ಟನ್ನು ಶಿವಮೊಗ್ಗದಲ್ಲಿ ಕೂತೇ ನೋಡಿ, ಪರದೆಯ ಮೇಲೆ ಸಿಗದ್ದಕ್ಕೆ ಮಾತ್ರ ಬಸ್ಸು ಹತ್ತಿದರೆ ಎರಡು ದಿನದ ಕೆಲಸ ಒಂದೇ ದಿನಕ್ಕೆ ಇಳಿಯುತ್ತದೆ.

ಅಲ್ಲಿ ಹೋದ ಮೇಲೆ ಒಂದು ಅಭ್ಯಾಸ ಬಿಡಬಾರದು. ಟಿಪ್ಪಣಿ ಬರೆಯುವ ಮೊದಲೇ ಹಾಳೆಯ ಮೇಲ್ಭಾಗದಲ್ಲಿ ಪುಸ್ತಕದ ಹೆಸರು, ಮುದ್ರಣದ ವರ್ಷ, ಗ್ರಂಥಾಲಯ ಆ ಪ್ರತಿಗೆ ಕೊಟ್ಟ ಅಕ್ಸೆಶನ್ ನಂಬರ್, ದಾಖಲೆಯಾದರೆ ಪೆಟ್ಟಿಗೆಯ ನಂಬರ್ ಬರೆದುಕೊಳ್ಳಬೇಕು. ಹಳೆಯ ಕಿರುಹೊತ್ತಗೆಗಳಲ್ಲಿ ಎಷ್ಟಕ್ಕೋ ಲೇಖಕನ ಹೆಸರೇ ಇರುವುದಿಲ್ಲ. ಒಂದೇ ಹೆಸರಿನ ಹಲವು ಮುದ್ರಣಗಳಿರುತ್ತವೆ. ಆ ನಂಬರ್ ಇಲ್ಲದ ಟಿಪ್ಪಣಿ ಊರಿಗೆ ಮರಳಿದ ಮೇಲೆ ಅನಾಥ. ಬರಹ ಅಚ್ಚಾದಾಗ ಅದರ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕಳಿಸುವುದು ವಾಡಿಕೆ. ಅದಕ್ಕೂ ಅಲ್ಲಿ ಒಂದು ನಂಬರ್ ಬೀಳುತ್ತದೆ, ಕಪಾಟಿನಲ್ಲಿ ಒಂದು ಜಾಗ ಸಿಗುತ್ತದೆ.